ಜೂನ್ ಲಾಂಗ್ ವೀಕೆಂಡಿಗೆ ಫ್ಲಿಂಡರ್ಸ್ ರೇಂಜಸ್: ಅಪ್ಪ ಅಮ್ಮನ ಜೊತೆ ಮೂರು ದಿನ ಸಾಕಾ?

ಚಳ್ಳಕೆರೆ ಹುಡುಗ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಡಿಲೇಡ್‌ನಲ್ಲಿ. ಊರಿಂದ ಅಪ್ಪ, ಅಮ್ಮ ಬಂದಿದ್ದಾರೆ. ಬೀಚು, ಹಾನ್‌ಡಾರ್ಫ್, ಸಿಟಿ ಎಲ್ಲ ತೋರಿಸಿ ಆಯ್ತು. ಅಪ್ಪನಿಗೆ ಯಾವುದೂ ಅಷ್ಟು ಹಿಡಿಸಲಿಲ್ಲ. "ಈ ದೇಶದ ಒಳಗಡೆ ಹೇಗಿದೆ, ಅದನ್ನ ತೋರಿಸಪ್ಪ" ಅನ್ನುತ್ತಿದ್ದಾರೆ. ಊರಲ್ಲಿ ನಮ್ಮದು ಮಳೆ ನಂಬಿದ ಹೊಲ, ಶೇಂಗಾ ಬೆಳೆಯುತ್ತಾರೆ. ಅವರಿಗೆ 68, ಚೆನ್ನಾಗಿ ನಡೆಯುತ್ತಾರೆ. ಅಮ್ಮನಿಗೆ ಮಂಡಿ ನೋವು. ಮಗಳಿಗೆ 7 ವರ್ಷ.

ಜೂನ್ ಎರಡನೇ ಸೋಮವಾರ ರಜೆ ಇದೆಯಲ್ಲ, ಆಗ ಉತ್ತರದ ಫ್ಲಿಂಡರ್ಸ್ ರೇಂಜಸ್ ಬೆಟ್ಟಸಾಲಿಗೆ ಹೋಗೋಣ ಅಂತಿದ್ದೇವೆ. ಪ್ಲಾನ್ ಹೀಗಿದೆ: ಶುಕ್ರವಾರ ಆಫೀಸ್ ಮುಗಿಸಿ 5.30ಕ್ಕೆ ಹೊರಟು ರಾತ್ರಿ ವಿಲ್ಪೀನಾ. ಶನಿವಾರ ವಿಲ್ಪೀನಾ ಪೌಂಡ್ (ಸುತ್ತ ಬೆಟ್ಟ, ನಡುವೆ ಬಟ್ಟಲಿನಂಥ ಬಯಲು), ಬ್ರಾಕಿನಾ ಗಾರ್ಜ್ ಅನ್ನುವ ಕಮರಿ, ಬ್ಲಿನ್ಮನ್ ಊರು. ಭಾನುವಾರ ಅರ್ಕರೂಲಾ, ಅಲ್ಲೇ ರಾತ್ರಿ ನಕ್ಷತ್ರ ನೋಡುವುದು. ಸೋಮವಾರ ವಾಪಸ್. ನಮ್ಮದು ಸಣ್ಣ ಕಾರು, ಐದು ಜನಕ್ಕೆ ಇಕ್ಕಟ್ಟು. ಅದಕ್ಕೇ ಒಂದು ಎಸ್‌ಯುವಿ ಬಾಡಿಗೆಗೆ ತಗೊಳ್ತೀವಿ. ಇದು ಆಗುವ ಮಾತಾ? ಹೋಗಿಬಂದವರು ಹೇಳಿ.

ಪೋರ್ಟ್ ಅಗಸ್ಟಾ ನರ್ಸಕ್ಕ

ಮೊದಲು ಶುಕ್ರವಾರದ ರಾತ್ರಿ ಪ್ರಯಾಣ ಬಿಡಿ ತಮ್ಮಾ. ಉಳಿದದ್ದು ಆಮೇಲೆ ಮಾತಾಡೋಣ.

ಜೂನ್‌ನಲ್ಲಿ ಸಂಜೆ 5.15ರ ಸುಮಾರಿಗೆ ಸೂರ್ಯ ಮುಳುಗುತ್ತಾನೆ. ನೀವು ಹೊರಡುವ ಹೊತ್ತಿಗೇ ಕತ್ತಲು. ಪೋರ್ಟ್ ಅಗಸ್ಟಾವರೆಗೆ ದೊಡ್ಡ ಹೈವೇ, ಅಲ್ಲಿವರೆಗೆ ಪರವಾಗಿಲ್ಲ. ಕ್ವಾರ್ನ್ ದಾಟಿದ ಮೇಲೆ ಹಾಕರ್, ವಿಲ್ಪೀನಾ ಕಡೆ ರಸ್ತೆಗೆ ದೀಪವೂ ಇಲ್ಲ, ಬೇಲಿಯೂ ಇಲ್ಲ. ಕತ್ತಲಾದ ಮೇಲೆ ಕಾಂಗರೂಗಳು ಮೇಯಲು ರಸ್ತೆ ಅಂಚಿಗೇ ಬರುತ್ತವೆ. 110ರಲ್ಲಿ ಹೋಗುವಾಗ ಒಂದು ಹಾರಿ ಬಂದರೆ ಯೋಚನೆ ಮಾಡಲೂ ಸಮಯ ಇರುವುದಿಲ್ಲ. ಜನ ಭಯಕ್ಕೆ ಸ್ಟೀರಿಂಗ್ ತಿರುಗಿಸುತ್ತಾರೆ, ಕಾರು ಪಲ್ಟಿಯಾಗುತ್ತದೆ. ಕಾಂಗರೂ ಬಡಿದದ್ದಕ್ಕಿಂತ ಪಲ್ಟಿಯಾದದ್ದರಿಂದ ಆಗುವ ಪೆಟ್ಟೇ ದೊಡ್ಡದು. ನೇರ ಹಿಡಿದು ಬ್ರೇಕ್ ಒತ್ತಬೇಕು, ತಿರುಗಿಸಬಾರದು. ಇದನ್ನ ಗಾಡಿ ಓಡಿಸುವವರೆಲ್ಲ ಹೊರಡುವ ಮೊದಲೇ ತಲೆಗೆ ಹಾಕಿಕೊಳ್ಳಿ.

ಹಗಲಲ್ಲೂ ಒಂದು ವಿಷಯ. ಸತ್ತ ಕಾಂಗರೂ ಮೇಲೆ ದೊಡ್ಡ ಹದ್ದು ಕೂತಿರುತ್ತದೆ, ಇಲ್ಲಿ ವೆಡ್ಜ್‌ಟೇಲ್ ಅನ್ನುತ್ತಾರೆ. ಹೊಟ್ಟೆ ತುಂಬಿದ ಹದ್ದಿಗೆ ತಕ್ಷಣ ಮೇಲೇಳಲು ಆಗುವುದಿಲ್ಲ. ದೂರದಿಂದಲೇ ವೇಗ ಇಳಿಸಿ.

ಶುಕ್ರವಾರ ಹೊರಡಲೇಬೇಕು ಅಂದರೆ ಕ್ಲೇರ್‌ನಲ್ಲೋ ಪೋರ್ಟ್ ಅಗಸ್ಟಾದಲ್ಲೋ ಮಲಗಿ. ಇಲ್ಲ ಅಂದರೆ ಶನಿವಾರ ಬೆಳಗ್ಗೆ 6.30ಕ್ಕೆ ಮನೆ ಬಿಡಿ. ನಾನಾದರೆ ಎರಡನೇದನ್ನೇ ಮಾಡುತ್ತೇನೆ.

ಅಡಿಲೇಡ್ ಡ್ರೈವರ್

ಅಕ್ಕ ಹೇಳಿದ್ದಕ್ಕೆ ನನ್ನದೂ ಒಂದು ಮತ. ಜೊತೆಗೆ, ಅರ್ಕರೂಲಾ ತೆಗೆದುಹಾಕಿ. ಅಡಿಲೇಡಿಂದ ವಿಲ್ಪೀನಾ ಸುಮಾರು 430 ಕಿ.ಮೀ. ಮ್ಯಾಪ್ 5 ಗಂಟೆ ಅನ್ನುತ್ತದೆ. ಅಮ್ಮನ ಮಂಡಿಗೋಸ್ಕರ, ಮಗುಗೋಸ್ಕರ ಅಲ್ಲಲ್ಲಿ ನಿಲ್ಲಿಸಿದರೆ ಆರೂವರೆ ಗಂಟೆ ಹಿಡಿಯುತ್ತದೆ. ಅರ್ಕರೂಲಾ ಅಲ್ಲಿಂದ ಇನ್ನೂ ಉತ್ತರಕ್ಕೆ, ಕೊನೆಯ ಭಾಗ ಪೂರ್ತಿ ಮಣ್ಣು ರಸ್ತೆ. ಭಾನುವಾರ ಇಡೀ ದಿನ ಕಾರಲ್ಲೇ, ಸೋಮವಾರ ಇಡೀ ದಿನ ಕಾರಲ್ಲೇ. ಅಪ್ಪ ಅಮ್ಮನಿಗೆ ಕಾಣುವುದು ಕಿಟಕಿ ಮಾತ್ರ.

ನಕ್ಷತ್ರಕ್ಕಾಗಿ ಅಷ್ಟು ದೂರ ಹೋಗುವ ಅಗತ್ಯವೂ ಇಲ್ಲ. ವಿಲ್ಪೀನಾ ಹತ್ತಿರ ಎಲ್ಲಿ ನಿಂತು ತಲೆ ಎತ್ತಿದರೂ ಆಕಾಶಗಂಗೆ ಒಂದು ಕಡೆಯಿಂದ ಇನ್ನೊಂದು ಕಡೆಯವರೆಗೆ ಕಾಣುತ್ತದೆ. ಹುಣ್ಣಿಮೆ ಯಾವತ್ತು ಅಂತ ಕ್ಯಾಲೆಂಡರ್ ನೋಡಿಕೊಳ್ಳಿ, ಅಷ್ಟೇ. ಮಗಳಿಗೆ ಆಕಾಶದ ಎಮು ತೋರಿಸಿ. ಸದರ್ನ್ ಕ್ರಾಸ್ ಪಕ್ಕದ ಕಪ್ಪು ಮಚ್ಚೆ ಅದರ ತಲೆ. ಅಲ್ಲಿಂದ ಹಾಲುಹಾದಿಯ ಕಪ್ಪು ಭಾಗಗಳನ್ನು ಸೇರಿಸುತ್ತ ಹೋದರೆ ಕತ್ತು, ಮೈ ಎಲ್ಲ ಕಾಣುತ್ತದೆ. ಇಲ್ಲಿನ ಮೂಲನಿವಾಸಿಗಳು ನಕ್ಷತ್ರಗಳ ನಡುವಿನ ಕತ್ತಲಲ್ಲೂ ಚಿತ್ರ ಕಂಡವರು. ಊರಲ್ಲಿ ಇಂಥ ಆಕಾಶ ನೋಡಿ ಬೆಳೆದ ಅಪ್ಪನಿಗೆ ಸಪ್ತರ್ಷಿ ಮಂಡಲ ಇಲ್ಲಿ ಉತ್ತರದ ಅಂಚಲ್ಲೇ, ಅದೂ ಪೂರ್ತಿಯಾಗಿ ಅಲ್ಲ, ಕಾಣುವುದು ಹೊಸತು.

ಮೆಲ್ಬರ್ನ್ ಮಲೆನಾಡಿಗ

ಒಂದೇ ಸಲ ತೋರಿಸುವುದಾದರೆ ಉಲುರು ತೋರಿಸಬಾರದಾ? ಆಸ್ಟ್ರೇಲಿಯಾದ ಒಳನಾಡು ಅಂದರೆ ಎಲ್ಲರ ಮನಸ್ಸಿಗೆ ಬರುವುದು ಅದೇ. ವಿಮಾನದಲ್ಲಿ ಹೋದರೆ ಅಮ್ಮನಿಗೂ ಆಯಾಸ ಕಡಿಮೆ.

ಚಳ್ಳಕೆರೆ ಹುಡುಗ

ಯೋಚನೆ ಮಾಡಿದ್ವಿ. ಐದು ಜನರ ಟಿಕೆಟ್ಟು, ಲಾಂಗ್ ವೀಕೆಂಡಿನ ರೂಮು ಎಲ್ಲ ಸೇರಿ ಕೈಗೆ ಎಟುಕಲಿಲ್ಲ. ಜೊತೆಗೆ ಅಪ್ಪನಿಗೆ ದಾರಿ ನೋಡಬೇಕು. ಹೊಲ, ಕುರಿ, ಬಾವಿ, ಊರು.

ಅರ್ಕರೂಲಾ ತೆಗೆದೆ. ಶನಿವಾರ ಬೆಳಗ್ಗೆ ಹೊರಡುವುದು ಅಂತ ಮನೆಯಲ್ಲಿ ಹೇಳಿಯೂ ಆಯ್ತು.

ಗೋಧಿ ಸೀಮೆ

ದಾರಿ ನೋಡುವುದಾದರೆ ನಿಮ್ಮ ಅಪ್ಪನಂಥವರಿಗೆ ಇದಕ್ಕಿಂತ ಒಳ್ಳೆಯ ದಾರಿ ಸಿಗುವುದಿಲ್ಲ. ನಾನು ದಾವಣಗೆರೆ ಕಡೆಯವನು, ಇಲ್ಲಿ ಕೃಷಿ ಸಲಹೆಯ ಕೆಲಸ. ಸ್ವಲ್ಪ ಉದ್ದ ಬರೆಯುತ್ತೇನೆ.

ಹೋಗುವಾಗ ಕ್ಲೇರ್, ಜೇಮ್ಸ್‌ಟೌನ್, ಒರರೂ ಮೇಲೆ ಹೋಗಿ. ಜೇಮ್ಸ್‌ಟೌನ್‌ವರೆಗೆ ಗೋಧಿ ಹೊಲ. ಜೂನ್‌ನಲ್ಲಿ ಬಿತ್ತನೆ ಮುಗಿದು ಹಸಿರು ಏಳುವ ಸಮಯ. ಒರರೂ ಸುತ್ತಮುತ್ತ ನೆಲದ ಬಣ್ಣ ಬದಲಾಗುತ್ತದೆ. ಹಸಿರು ಹಿಂದಕ್ಕೆ ಉಳಿದು ಬೂದು ಬಣ್ಣದ ಕುರುಚಲು ಗಿಡ ಶುರುವಾಗುತ್ತದೆ. ನೀವು ಆಗ ದಾಟುವುದು ಗಾಯ್ಡರ್ಸ್ ಲೈನ್.

ಜಾರ್ಜ್ ಗಾಯ್ಡರ್ ಇಲ್ಲಿನ ಸರ್ವೇಯರ್ ಜನರಲ್ ಆಗಿದ್ದವರು. 1864ರಿಂದ ದೊಡ್ಡ ಬರ. 1865ರಲ್ಲಿ ಅವರು ಕುದುರೆ ಮೇಲೆ ಹೋಗಿ ಎಲ್ಲಿವರೆಗೆ ಬರ ಹೊಡೆದಿದೆ, ಗಿಡಗಳು ಹೇಗೆ ಬದಲಾಗುತ್ತವೆ ಅಂತ ನೋಡಿ ಒಂದು ಗೆರೆ ಎಳೆದರು. ಗೆರೆಯ ದಕ್ಷಿಣಕ್ಕೆ ಬೆಳೆ ನಂಬಬಹುದು, ಉತ್ತರಕ್ಕೆ ಕುರಿ ಮೇಯಿಸಬಹುದು, ಬಿತ್ತಬೇಡಿ ಅಂದರು. 1870ರ ದಶಕದಲ್ಲಿ ಸಾಲಾಗಿ ಒಳ್ಳೆ ಮಳೆ ಬಂತು. ನೇಗಿಲು ಹೂಡಿದ ಕಡೆ ಮಳೆಯೂ ಬರುತ್ತದೆ ಅನ್ನುವ ನಂಬಿಕೆ ಆಗ ಜೋರಾಗಿತ್ತು. 1874ರಲ್ಲಿ ಸರ್ಕಾರವೇ ಗೆರೆಯಾಚೆಯ ಜಮೀನು ಬಿಟ್ಟುಕೊಟ್ಟಿತು. ಜನ ಬಂದರು, ಊರು ಕಟ್ಟಿದರು, ಕಲ್ಲಿನ ಮನೆ, ಚರ್ಚು ಎಲ್ಲ ಎದ್ದವು. 1880ರಿಂದ ಮಳೆ ಮತ್ತೆ ಕೈಕೊಟ್ಟಿತು. ಸಾಲ ತೀರಿಸಲಾಗದೆ ಮನೆ ಬಿಟ್ಟು ಹೋದರು. ಆ ಗೋಡೆಗಳು ಇವತ್ತಿಗೂ ರಸ್ತೆ ಪಕ್ಕ ನಿಂತಿವೆ. ಛಾವಣಿ ಇಲ್ಲ, ಒಲೆಯ ಚಿಮಣಿ ಮಾತ್ರ ನೆಟ್ಟಗಿದೆ.

ವಾಪಸ್ ಬರುವಾಗ ಹಾಕರ್‌ನಿಂದ ಕ್ವಾರ್ನ್ ಮೇಲೆ ಬನ್ನಿ. ನಡುವೆ ಕನ್ಯಾಕಾ ಅನ್ನುವ ಹಾಳೂರು ಇದೆ. 1850ರ ದಶಕದ ಕುರಿ ಸ್ಟೇಷನ್, ಅಂದರೆ ಕುರಿ ಸಾಕುವ ದೊಡ್ಡ ಜಮೀನು. ಒಂದು ಕಾಲಕ್ಕೆ ಎಪ್ಪತ್ತು ಸಂಸಾರ ಇದ್ದವಂತೆ. ಅದನ್ನು ಶುರು ಮಾಡಿದ ಹ್ಯೂ ಪ್ರಾಬಿ ಅನ್ನುವ ಯುವಕ ಸತ್ತದ್ದು 1852ರಲ್ಲಿ, ವಿಲ್ಲೋಕ್ರಾ ಹಳ್ಳದ ದಿಢೀರ್ ಪ್ರವಾಹದಲ್ಲಿ ಕೊಚ್ಚಿಹೋಗಿ. ನೀರಿಗಾಗಿ ಪರದಾಡುವ ನಾಡಿನಲ್ಲಿ ನೀರಲ್ಲೇ ಹೋದರು. ಬಯಲುಸೀಮೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಅಪ್ಪನನ್ನು ಅಲ್ಲಿ ಅರ್ಧ ಗಂಟೆ ಅವರ ಪಾಡಿಗೆ ಅಡ್ಡಾಡಲು ಬಿಡಿ.

ವಿಲ್ಪೀನಾ ಪೌಂಡ್ ಒಳಗೂ ಇಂಥದೇ ಕಥೆ. ಹಿಲ್ ಅನ್ನುವ ಕುಟುಂಬ 1900ರ ದಶಕದ ಮೊದಲಲ್ಲಿ ಅಲ್ಲಿ ಗೋಧಿ ಬೆಳೆಯಿತು. ಕಣಿವೆಯೊಳಗೆ ಕಷ್ಟಪಟ್ಟು ರಸ್ತೆ ಮಾಡಿಕೊಂಡಿದ್ದರು. 1914ರ ಪ್ರವಾಹ ಆ ರಸ್ತೆಯನ್ನೇ ಒಯ್ದಿತು, ಅವರೂ ಬಿಟ್ಟು ಹೋದರು. ಅವರ ಮನೆ ಇನ್ನೂ ಇದೆ, ಸಮತಟ್ಟಾದ ದಾರಿಯಲ್ಲಿ ನಡೆದು ಹೋಗಬಹುದು.

ಚಳ್ಳಕೆರೆ ಹುಡುಗ

ಸರ್, ಇದನ್ನ ರಾತ್ರಿ ಊಟ ಆದಮೇಲೆ ಅಪ್ಪನಿಗೆ ಓದಿ ಹೇಳಿದೆ. ಗೆರೆ ಎಳೆದವರು ಮಣ್ಣು ನೋಡಿ ಎಳೆದರಾ ಗಿಡ ನೋಡಿ ಎಳೆದರಾ ಅಂತ ಎರಡು ಸಲ ಕೇಳಿದರು. ಬರ ನೋಡಿ, ಗಿಡ ನೋಡಿ ಅಂದೆ. "ಸರಿಯಾಗಿ ಮಾಡಿದಾನೆ" ಅಂದರು. ಒರರೂ ದಾರಿಯೇ ಖಾಯಂ.

ಬಂಡೆ ಓದುವವಳು

ನಾನು ಭೂವಿಜ್ಞಾನ ಓದಿದವಳು, ಬ್ರಾಕಿನಾ ಬಗ್ಗೆ ಸುಮ್ನೆ ಇರೋಕೆ ಆಗಲ್ಲ. ದಯವಿಟ್ಟು ಅದನ್ನ ಗಡಿಬಿಡಿಯಲ್ಲಿ ಮುಗಿಸಬೇಡಿ. 20 ಕಿ.ಮೀ. ಮಣ್ಣು ರಸ್ತೆ, ಅಷ್ಟರಲ್ಲಿ ಸುಮಾರು 13 ಕೋಟಿ ವರ್ಷಗಳ ಬಂಡೆ ಪದರಗಳು ಸಾಲಾಗಿ ಸಿಗುತ್ತವೆ. ಪೂರ್ವದಿಂದ ಪಶ್ಚಿಮಕ್ಕೆ ಹೋಗಿ, ಆಗ ಹಳೆಯದರಿಂದ ಹೊಸದಕ್ಕೆ ಬರುತ್ತೀರಿ. ಅಲ್ಲಲ್ಲಿ ಫಲಕಗಳಿವೆ.

ಒಂದು ಜಾಗ ಮಾತ್ರ ತಪ್ಪಿಸಬೇಡಿ. ಎನೊರಾಮಾ ಹಳ್ಳದ ದಂಡೆಯಲ್ಲಿ ಬಂಡೆಗೆ ಒಂದು ಸಣ್ಣ ಲೋಹದ ಬಿಲ್ಲೆ ಹೊಡೆದಿದ್ದಾರೆ. ಕೆಳಗೆ ಹಿಮಯುಗದ ಕಲ್ಲು, ಭೂಮಿ ಹೆಚ್ಚುಕಡಿಮೆ ಪೂರ್ತಿ ಹಿಮ ಹೊದ್ದಿದ್ದ ಕಾಲದ್ದು. ಮೇಲೆ ಹಿಮ ಕರಗಿದ ನಂತರ ಕೂತ ಸುಣ್ಣದ ಪದರ. ಸುಮಾರು 63.5 ಕೋಟಿ ವರ್ಷಗಳ ಹಿಂದಿನ ಆ ಗಡಿಯಿಂದಲೇ ಇಡಿಯಾಕರನ್ ಯುಗದ ಲೆಕ್ಕ ಶುರು. 2004ರಲ್ಲಿ ಜಗತ್ತಿನ ಭೂವಿಜ್ಞಾನಿಗಳು ಇದನ್ನು ಒಪ್ಪಿದರು. ಜಗತ್ತಿನ ಯಾವ ಮೂಲೆಯಲ್ಲಿ ಈ ಯುಗದ ಬಂಡೆ ಸಿಕ್ಕರೂ ಈ ಹಳ್ಳದ ದಂಡೆಗೆ ಹೋಲಿಸಿಯೇ ನೋಡಬೇಕು. ಅಲ್ಲಿಗೆ ಅಂತ ಬೇರೆ ಟಿಕೆಟ್ಟೂ ಇಲ್ಲ, ಕಟ್ಟೆಯೂ ಇಲ್ಲ. ಕೈ ಇಟ್ಟು ನೋಡಬಹುದು. ಎರಡು ಪದರ ಕೂಡುವ ಜಾಗವನ್ನು ಮಗಳಿಗೆ ಬೆರಳಿಟ್ಟು ತೋರಿಸಿ, ಏಳು ವರ್ಷದ ಮಗುವಿಗೂ ಗೊತ್ತಾಗುತ್ತದೆ.

ಆ ಯುಗದ ಪ್ರಾಣಿಗಳು ಮೆತ್ತಗಿನ ಮೈಯವು. ಚಿಪ್ಪಿಲ್ಲ, ಎಲುಬಿಲ್ಲ. ಆದರೂ ಮರಳಿನ ಮೇಲೆ ಅಚ್ಚು ಉಳಿದಿದೆ. 1946ರಲ್ಲಿ ರೆಜ್ ಸ್ಪ್ರಿಗ್ ಅನ್ನುವ ಭೂವಿಜ್ಞಾನಿ ಹಳೆಯ ಗಣಿ ನೋಡಲು ಹೋದಾಗ ಇಡಿಯಾಕರಾ ಬೆಟ್ಟದಲ್ಲಿ ಕಂಡದ್ದು. 2021ರಲ್ಲಿ ನಮ್ಮ ಭೀಮ್‌ಬೇಟ್ಕಾ ಗುಹೆಯಲ್ಲೂ ಇದೇ ಕಾಲದ ಡಿಕಿನ್ಸೋನಿಯಾ ಅನ್ನುವ ಪ್ರಾಣಿಯ ಅಚ್ಚು ಸಿಕ್ಕಿತು ಅಂತ ದೊಡ್ಡ ಸುದ್ದಿಯಾಗಿತ್ತು, ನೆನಪಿದೆಯಾ? ಆಮೇಲೆ ಬೇರೆ ವಿಜ್ಞಾನಿಗಳು ಹೋಗಿ ನೋಡಿದರೆ ಅದು ಜೇನುಗೂಡು ಉದುರಿದ ಗುರುತು. ನಿಜವಾದದ್ದನ್ನು ನೋಡಬೇಕಾದರೆ ನಿಲ್ಪೀನಾ ಇದೆ, ಅದನ್ನ ನ್ಯಾಷನಲ್ ಪಾರ್ಕ್ ಮಾಡಿದ್ದಾರೆ. ಆದರೆ ಮೊದಲೇ ಬುಕ್ ಮಾಡಿ ಗೈಡ್ ಜೊತೆಯೇ ಹೋಗಬೇಕು. ಈ ಸಲಕ್ಕೆ ಬೇಡ, ಸಮಯ ಸಾಲದು. ಅಡಿಲೇಡ್‌ನ ಮ್ಯೂಸಿಯಂನಲ್ಲಿ ಒಳ್ಳೆಯ ಅಚ್ಚುಗಳಿವೆ, ಹೋಗುವ ಮೊದಲೇ ಮಗಳಿಗೆ ತೋರಿಸಿಕೊಂಡು ಹೋಗಿ.

ಅದೇ ಗಾರ್ಜ್‌ನಲ್ಲಿ ಬೆಳಗ್ಗೆ ಬೇಗ ಅಥವಾ ಇಳಿಹೊತ್ತಲ್ಲಿ ಹಳದಿ ಕಾಲಿನ ರಾಕ್ ವಾಲಬಿ ಕಾಣುತ್ತದೆ. ಬಾಲಕ್ಕೆ ಪಟ್ಟೆ ಪಟ್ಟೆ. ಕಲ್ಲಿನ ಬಣ್ಣವೇ ಆದ್ದರಿಂದ ಅದು ಅಲ್ಲಾಡುವವರೆಗೆ ಗೊತ್ತೇ ಆಗುವುದಿಲ್ಲ. ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ ಕೂತಿರಿ.

ಅಡಿಲೇಡ್ ಡ್ರೈವರ್

ಬ್ರಾಕಿನಾಗೆ ಹೋಗುವ ಮೊದಲು ಬಾಡಿಗೆ ಕಾರಿನ ಕರಾರು ಓದಿ. ವಿಲ್ಪೀನಾವರೆಗೆ ಟಾರು ರಸ್ತೆ, ತೊಂದರೆ ಇಲ್ಲ. ಬ್ರಾಕಿನಾಗೆ ಹೋಗುವ ಬನ್ಯೆರೂ ರಸ್ತೆ, ಬ್ರಾಕಿನಾ ರಸ್ತೆ ಎರಡೂ ಮಣ್ಣು, ನಡುವೆ ಹಳ್ಳ ದಾಟಬೇಕು. ಒಣಗಿದ್ದರೆ ಸಾಧಾರಣ ಎಸ್‌ಯುವಿ ನಿಧಾನಕ್ಕೆ ಹೋಗುತ್ತದೆ. ಆದರೆ ಬಹಳ ಕಂಪನಿಗಳ ಇನ್ಶೂರೆನ್ಸ್ ಮಣ್ಣು ರಸ್ತೆಗೆ ಅನ್ವಯಿಸುವುದಿಲ್ಲ. ಕೆಲವರು ಕತ್ತಲಾದ ಮೇಲೆ ಊರಾಚೆ ಓಡಿಸಿದರೂ ಒಪ್ಪುವುದಿಲ್ಲ. ನನ್ನ ಗೆಳೆಯನಿಗೆ ಒಂದು ಕಂಪನಿ ಕೌಂಟರಲ್ಲಿ "ಆಗುತ್ತೆ" ಅಂದು, ಟೈರ್ ಒಡೆದ ಮೇಲೆ ಕಾಗದ ತೋರಿಸಿ ಪೂರ್ತಿ ದುಡ್ಡು ಕಟ್ಟಿಸಿಕೊಂಡಿತು. ಬಾಯಿಮಾತು ನಂಬಬೇಡಿ, ಇಮೇಲಿನಲ್ಲಿ ಬರೆಸಿಕೊಳ್ಳಿ. ಸ್ಪೇರ್ ಟೈರ್ ಪೂರ್ತಿ ಅಳತೆಯದ್ದಾ, ಜ್ಯಾಕ್ ಇದೆಯಾ ಅಂತ ಅಲ್ಲೇ ತೆಗೆಸಿ ನೋಡಿ.

ಮಳೆ ಬಂದರೆ ಸರ್ಕಾರ ಮಣ್ಣು ರಸ್ತೆಗಳನ್ನು ಮುಚ್ಚುತ್ತದೆ. ಮುಚ್ಚಿದ ರಸ್ತೆಗೆ ಹೋದರೆ ದಂಡ. ಶನಿವಾರ ಬೆಳಗ್ಗೆ ಹೊರಡುವ ಮೊದಲು ಔಟ್‌ಬ್ಯಾಕ್ ರಸ್ತೆಗಳ ಸರ್ಕಾರಿ ಪಟ್ಟಿ ನೋಡಿ. ಮುಚ್ಚಿದ್ದರೆ ಬೇಜಾರು ಬೇಡ, ವಿಲ್ಪೀನಾದಿಂದ ಟಾರು ರಸ್ತೆಯಲ್ಲೇ ಬ್ಲಿನ್ಮನ್‌ವರೆಗೆ ಹೋಗಬಹುದು. ಹಳೆಯ ತಾಮ್ರದ ಗಣಿಯ ಊರು.

ಪೆಟ್ರೋಲು: ದಾರಿಯಲ್ಲಿ ಒಮ್ಮೆ ತುಂಬಿಸಿ, ಹಾಕರ್‌ನಲ್ಲಿ ಇನ್ನೊಮ್ಮೆ ಪೂರ್ತಿ ತುಂಬಿಸಿ. ಅರ್ಧ ಟ್ಯಾಂಕ್ ಇದೆ ಅಂತ ಮುಂದೆ ಹೋಗಬೇಡಿ.

ಬೆಟ್ಟ ಹತ್ತುವವ

ಅಪ್ಪ ನಡೆಯುತ್ತಾರೆ ಅಂದಿರಲ್ಲ, ಅವರಿಗೆ ಸೇಂಟ್ ಮೇರಿ ಪೀಕ್ ಹತ್ತಿಸಿ. 1,171 ಮೀಟರ್, ಈ ಸಾಲಿನಲ್ಲೇ ಎತ್ತರದ್ದು. ಇಡೀ ದಿನದ ನಡಿಗೆ, ಆದರೆ ಮೇಲಿಂದ ಪೌಂಡ್ ಪೂರ್ತಿ ಕಾಣುತ್ತದೆ.

ಬಂಡೆ ಓದುವವಳು

ತುದಿಗೆ ಹೋಗಬೇಡಿ ಅಂತ ನಾನು ಕೇಳಿಕೊಳ್ಳುತ್ತೇನೆ. ಈ ನೆಲದ ಜನ ಅಡ್ನ್ಯಮಾತನರು ಅದನ್ನೇ ಕೇಳಿಕೊಂಡಿದ್ದಾರೆ. ಅವರ ಕಥೆಯಲ್ಲಿ ಇಕಾರಾದಲ್ಲಿ (ಪೌಂಡಿಗೆ ಅವರ ಹೆಸರು) ಜನ ವಿಧಿಗಾಗಿ ಸೇರಿದ್ದಾಗ ಎರಡು ಅಕುರ್ರಾ, ಅಂದರೆ ಭಾರಿ ಸರ್ಪಗಳು, ಬಂದು ಸುತ್ತುವರಿದವು. ಆ ಸರ್ಪಗಳ ಮೈಯೇ ಪೌಂಡಿನ ಸುತ್ತಲಿನ ಬೆಟ್ಟ. ಆ ಶಿಖರ ಒಂದು ಸರ್ಪದ ತಲೆ. ಶಿಖರಕ್ಕಿಂತ ಕೆಳಗಿನ ಟಂಡೆರಾ ಸ್ಯಾಡಲ್‌ವರೆಗೆ ಹೋಗಿ ನಿಲ್ಲಿ ಅನ್ನುತ್ತಾರೆ.

ಬೆಟ್ಟ ಹತ್ತುವವ

ನಿಷೇಧ ಅಂತೂ ಇಲ್ಲ ಅಲ್ವಾ? ದಾರಿ ತೆರೆದೇ ಇದೆ. ಎಷ್ಟೋ ಜನ ಹತ್ತುತ್ತಾರೆ.

ಬಂಡೆ ಓದುವವಳು

ನಿಷೇಧ ಇಲ್ಲ, ನಿಜ. ಉಲುರುವಿನಲ್ಲೂ ಎಷ್ಟೋ ವರ್ಷ ಹೀಗೇ ಇತ್ತು. ಹತ್ತಬೇಡಿ ಅಂತ ಅಲ್ಲಿನ ಮೂಲನಿವಾಸಿ ಅನಂಗು ಜನ ಕೇಳಿಕೊಳ್ಳುತ್ತಲೇ ಇದ್ದರು, ಬಂದವರು ಹತ್ತುತ್ತಲೇ ಇದ್ದರು. ಕೊನೆಗೆ 2019ರ ಅಕ್ಟೋಬರ್ 26ಕ್ಕೆ ಮುಚ್ಚಬೇಕಾಯಿತು. ನಮ್ಮ ಊರಿನ ಗರ್ಭಗುಡಿ ಬಾಗಿಲಿಗೆ ಬೀಗ ಇಲ್ಲ ಅಂತ ಬೇರೆಯವರು ಒಳಗೆ ನುಗ್ಗಿದರೆ ನಮಗೆ ಹೇಗಾಗುತ್ತದೆ? ಸ್ಯಾಡಲ್‌ನಿಂದಲೂ ನೋಟ ಚೆನ್ನಾಗಿಯೇ ಇದೆ.

ಬೆಟ್ಟ ಹತ್ತುವವ

ಸರಿ ಮೇಡಂ, ಸರ್ಪದ ಕಥೆ ನನಗೆ ಗೊತ್ತಿರಲಿಲ್ಲ. ಹಾಗಾದರೆ ಅವರಿಗೆ ವಂಗಾರಾ ಲುಕೌಟ್ ಸಾಕು. ಹಿಲ್ ಕುಟುಂಬದ ಮನೆ ದಾಟಿ ಸ್ವಲ್ಪ ಏರಿದರೆ ಪೌಂಡಿನ ಒಳಗೆ ಕಾಣುತ್ತದೆ. ಹೋಗಿಬರಲು ಅರ್ಧ ದಿನ ಇಟ್ಟುಕೊಳ್ಳಿ.

ಪೋರ್ಟ್ ಅಗಸ್ಟಾ ನರ್ಸಕ್ಕ

ಅಮ್ಮ ಮನೆವರೆಗೆ ನಡೆದರೆ ಸಾಕು, ಏರುವುದು ಬೇಡ. ಒಳಗೆ ಸ್ವಲ್ಪ ದೂರ ಷಟಲ್ ಬಸ್ ಸಿಗುತ್ತದಾ ಅಂತ ವಿಸಿಟರ್ ಸೆಂಟರಲ್ಲಿ ವಿಚಾರಿಸಿ. ವಿಲ್ಪೀನಾದ ರಿಸಾರ್ಟ್ ಅಡ್ನ್ಯಮಾತನರದ್ದೇ. ಅವರ ಗೈಡ್‌ಗಳು ಅಲ್ಲೇ ಕಥೆ ಹೇಳುತ್ತಾರೆ, ಅಮ್ಮನನ್ನು ಅದಕ್ಕೆ ಕೂರಿಸಿ.

ಈಗ ನನ್ನ ಕೆಲಸದ ಮಾತು. ಅಪ್ಪ ಅಮ್ಮನ ವಿಸಿಟರ್ ಇನ್ಶೂರೆನ್ಸ್‌ನಲ್ಲಿ ಆಂಬ್ಯುಲೆನ್ಸ್ ಸೇರಿದೆಯಾ ನೋಡಿ. ಇಲ್ಲಿ ಅದು ಪುಕ್ಕಟೆ ಅಲ್ಲ, ದೂರ ಹೆಚ್ಚಾದಂತೆ ಬಿಲ್ಲೂ ಏರುತ್ತದೆ. ಬಿಪಿ, ಶುಗರ್ ಮಾತ್ರೆ ಎರಡು ದಿನಕ್ಕೆ ಹೆಚ್ಚಾಗಿ ಇಟ್ಟುಕೊಳ್ಳಿ, ಔಷಧಿಯ ಹೆಸರು ಒಂದು ಚೀಟಿಯಲ್ಲಿ ಇಂಗ್ಲಿಷಲ್ಲಿ ಬರೆದು ಅಪ್ಪನ ಜೇಬಿಗೆ ಹಾಕಿ. ಹಾಕರ್‌ನಲ್ಲಿ ಸಣ್ಣ ಆಸ್ಪತ್ರೆ ಇದೆ. ದೊಡ್ಡದಾದರೆ ಪೋರ್ಟ್ ಅಗಸ್ಟಾ, ಫ್ಲೈಯಿಂಗ್ ಡಾಕ್ಟರ್ ವಿಮಾನದ ನೆಲೆಯೂ ಅಲ್ಲೇ ಇದೆ.

ಫೋನ್: ಟೆಲ್‌ಸ್ಟ್ರಾ ಸಿಮ್ ಒಬ್ಬರ ಹತ್ತಿರವಾದರೂ ಇರಲಿ. ಅದೂ ಹಾಕರ್, ವಿಲ್ಪೀನಾ ಊರೊಳಗೆ ಮಾತ್ರ ನಂಬಿ. ಗಾರ್ಜ್ ಒಳಗೆ ಯಾವ ಸಿಮ್ಮೂ ಇಲ್ಲ. ಮ್ಯಾಪ್ ಮೊದಲೇ ಡೌನ್‌ಲೋಡ್ ಮಾಡಿ. ಐಫೋನ್ 14 ಅಥವಾ ಅದರ ನಂತರದ್ದಾದರೆ ಉಪಗ್ರಹದ ಮೂಲಕ ತುರ್ತು ಸಂದೇಶ ಹೋಗುತ್ತದೆ, ಅದನ್ನ ಬಳಸುವುದು ಹೇಗೆ ಅಂತ ಮನೆಯಲ್ಲೇ ಕಲಿತುಕೊಳ್ಳಿ. ಕಾರು ಕೆಟ್ಟರೆ ಕಾರು ಬಿಟ್ಟು ನಡೆಯಬೇಡಿ. ಹುಡುಕುವವರಿಗೆ ಮನುಷ್ಯರಿಗಿಂತ ಕಾರು ಬೇಗ ಕಾಣುತ್ತದೆ. ನೀರು ಐದು ಜನಕ್ಕೆ 20 ಲೀಟರ್‌ಗೆ ಕಡಿಮೆ ಬೇಡ.

ಚಳಿ ಮರೆಯಬೇಡಿ! ಹಗಲು ಹದಿನಾರು ಹದಿನೇಳು ಡಿಗ್ರಿ, ರಾತ್ರಿ ಸೊನ್ನೆ ಹತ್ತಿರ. ಮರುಭೂಮಿ ಅಂದರೆ ಬಿಸಿಲು ಅಂದುಕೊಂಡು ಬರುವವರು ಬಹಳ. ಅಮ್ಮನಿಗೆ ಕಾಲುಚೀಲ, ಟೋಪಿ, ದಪ್ಪ ಶಾಲು. ಟೆಂಟ್ ಬೇಡ, ಕ್ಯಾಬಿನ್ ತಗೊಳ್ಳಿ.

ಚಳ್ಳಕೆರೆ ಹುಡುಗ

ಅಕ್ಕಾ, ಕ್ಯಾಬಿನ್ ಹುಡುಕಿದೆ. ವಿಲ್ಪೀನಾ ಪೂರ್ತಿ ಭರ್ತಿ. ರಾನ್ಸ್ಲಿ ಪಾರ್ಕ್ ಕೂಡ ಭರ್ತಿ. ಹಾಕರ್‌ನಲ್ಲಿ ಎರಡು ರೂಮಿನ ಕ್ಯಾಬಿನ್ ಒಂದು ಸಿಕ್ಕಿತು, ಅಡುಗೆಮನೆ ಇದೆ. ಬುಕ್ ಮಾಡಿಬಿಟ್ಟೆ. ದಿನಾ ವಿಲ್ಪೀನಾಗೆ 55 ಕಿ.ಮೀ. ಹೋಗಿಬರಬೇಕು, ಪರವಾಗಿಲ್ವಾ?

ಪೋರ್ಟ್ ಅಗಸ್ಟಾ ನರ್ಸಕ್ಕ

ಪರವಾಗಿಲ್ಲ. ಆದರೆ ಸಂಜೆ 4.30ಕ್ಕೆ ಪಾರ್ಕ್ ಬಿಡಬೇಕು, ಬೆಳಕಿರುವಾಗಲೇ ಹಾಕರ್ ಸೇರಬೇಕು. ವಾಲಬಿ ಬೆಳಗ್ಗೆ ನೋಡಿ, ಸಂಜೆಗೆ ಕಾಯಬೇಡಿ.

ಅನ್ನ ಸಾರು ಅಕ್ಕ

ಊಟದ ಬಗ್ಗೆ ಯಾರೂ ಹೇಳಲೇ ಇಲ್ಲ. ಹಾಕರ್‌ನಲ್ಲಿ ಪಬ್ ಇದೆ, ಆದರೆ ನಮ್ಮ ಅಮ್ಮಂದಿರಿಗೆ ಅಲ್ಲಿ ಸಿಗುವುದು ಚಿಪ್ಸ್ ಅಷ್ಟೇ. ಅಂಗಡಿಗಳೂ ಬೇಗ ಮುಚ್ಚುತ್ತವೆ, ಲಾಂಗ್ ವೀಕೆಂಡಲ್ಲಿ ನಂಬುವ ಹಾಗಿಲ್ಲ. ಚಪಾತಿ, ಒಗ್ಗರಣೆ ಅವಲಕ್ಕಿ, ಪುಳಿಯೋಗರೆ ಗೊಜ್ಜು, ಶೇಂಗಾ ಚಟ್ನಿಪುಡಿ ಮನೆಯಿಂದಲೇ. ರಾಗಿ ಹಿಟ್ಟು ಮತ್ತು ಒಂದು ಕೋಲು ತಗೊಂಡು ಹೋಗಿ, ಚಳಿಯಲ್ಲಿ ಬಿಸಿ ಮುದ್ದೆ, ಹುರುಳಿ ಸಾರು ಇದ್ದರೆ ಬೇರೇನೂ ಬೇಡ. ಗ್ಯಾಸ್ ಒಲೆ, ಕುಕ್ಕರ್ ಇದೆಯಾ ಅಂತ ಕ್ಯಾಬಿನ್‌ನವರಿಗೆ ಫೋನ್ ಮಾಡಿ ಕೇಳಿ. ಕ್ವಾರ್ನ್‌ನಲ್ಲಿ ಕ್ವಾಂಡಾಂಗ್ ಅನ್ನುವ ಕಾಡುಹಣ್ಣಿನ ಪೈ ಸಿಕ್ಕರೆ ತಿನ್ನಿ, ಹುಳಿಸಿಹಿ.

ಬೆಂಕಿ ಹಾಕುವ ಆಸೆ ಇದ್ದರೆ ಪಾರ್ಕಿನಲ್ಲಿ ಸೌದೆ ಆರಿಸಬೇಡಿ, ಅದು ನಿಷೇಧ. ಬಿದ್ದ ಮರದಲ್ಲೇ ಹಲ್ಲಿ, ಹಕ್ಕಿ ಎಲ್ಲ ಬದುಕುವುದು.

ಗೋಧಿ ಸೀಮೆ

ಸೋಮವಾರ ಕ್ವಾರ್ನ್‌ನಲ್ಲಿ ಪಿಚಿ ರಿಚಿ ರೈಲು ಓಡುವ ದಿನವಾ ನೋಡಿ. ಹಳೆಯ ಘಾನ್ ರೈಲಿನ ದಾರಿ, ಉಗಿಬಂಡಿ. ಪೂರ್ತಿ ಸವಾರಿಗೆ ಸಮಯ ಇಲ್ಲದಿದ್ದರೂ ಸ್ಟೇಷನ್ ನೋಡಬಹುದು. ರೈಲು ಬರುವ ಮೊದಲು ಈ ಕಡೆಗೆಲ್ಲ ಸಾಮಾನು ಸಾಗಿಸಿದ್ದು ಒಂಟೆಗಳು. 1866ರಲ್ಲಿ ಇಲ್ಲಿನ ವ್ಯಾಪಾರಿ ಥಾಮಸ್ ಎಲ್ಡರ್ ಕರಾಚಿಯಿಂದ ನೂರಕ್ಕೂ ಹೆಚ್ಚು ಒಂಟೆ ತರಿಸಿದರು, ಜೊತೆಗೆ ಮೂವತ್ತಕ್ಕೂ ಹೆಚ್ಚು ಜನ ಒಂಟೆಯವರು ಬಂದರು. ಎಲ್ಲರನ್ನೂ ಆಫ್ಘನ್ನರು ಅಂತಲೇ ಕರೆದರು, ಅದರಲ್ಲಿ ಬಲೂಚಿಗಳು, ಸಿಂಧಿನವರು ಎಲ್ಲ ಇದ್ದರು. ಘಾನ್ ಅನ್ನುವ ಹೆಸರೂ ಅವರಿಂದಲೇ ಬಂದದ್ದು ಅನ್ನುತ್ತಾರೆ. ನಮ್ಮ ಕಡೆಯ ಜನ ಈ ದಾರಿಯಲ್ಲಿ ಓಡಾಡಿದ್ದರು ಅಂತ ಮಗಳಿಗೆ ಗೊತ್ತಿರಲಿ.

ಚಳ್ಳಕೆರೆ ಹುಡುಗ

ಎಲ್ಲರಿಗೂ ಕೈ ಮುಗಿಯುತ್ತೇನೆ. ಈಗಿನ ಪ್ಲಾನ್ ಹೀಗೆ.

ಶನಿವಾರ 6.30ಕ್ಕೆ ಹೊರಟು ಕ್ಲೇರ್, ಜೇಮ್ಸ್‌ಟೌನ್, ಒರರೂ. ಗೆರೆಯಾಚೆ ಹಾಳುಮನೆಗಳ ಹತ್ತಿರ ನಿಲ್ಲಿಸುವುದು. ಮಧ್ಯಾಹ್ನ ಹಾಕರ್, ಮತ್ತೆಲ್ಲೂ ಹೋಗುವುದಿಲ್ಲ. ರಾತ್ರಿ ನಕ್ಷತ್ರ. ಭಾನುವಾರ ಬೆಳಗ್ಗೆ ಬ್ರಾಕಿನಾ, ಕಾರಿನವರು ಬರೆದುಕೊಟ್ಟರೆ ಮಾತ್ರ. ಇಲ್ಲದಿದ್ದರೆ ಟಾರು ರಸ್ತೆಯಲ್ಲಿ ಬ್ಲಿನ್ಮನ್. ಮಧ್ಯಾಹ್ನ ಪೌಂಡ್ ಒಳಗೆ ಹಿಲ್ ಅವರ ಮನೆವರೆಗೆ. 4.30ಕ್ಕೆ ವಾಪಸ್. ಸೋಮವಾರ ಕನ್ಯಾಕಾ, ಕ್ವಾರ್ನ್, ಮನೆ.

ಒಂದೇ ಚಿಂತೆ. ಬ್ರಾಕಿನಾ ಮತ್ತು ವಂಗಾರಾ ಎರಡೂ ಒಂದೇ ದಿನ ಅಪ್ಪನಿಗೆ ಸಿಗುವುದಿಲ್ಲ ಅನ್ನಿಸುತ್ತೆ.

ಬೆಟ್ಟ ಹತ್ತುವವ

ಸಿಗುವುದಿಲ್ಲ, ಬಿಡಿ. ವಂಗಾರಾ ಬದಲು ಬನ್ಯೆರೂ ದಾರಿಯ ರೇಜರ್‌ಬ್ಯಾಕ್ ಲುಕೌಟ್‌ನಲ್ಲಿ ನಿಲ್ಲಿಸಿ. ಕಾರಿನಿಂದ ಇಳಿದರೆ ಸಾಕು, ಬೆಟ್ಟದ ಸಾಲು ಪೂರ್ತಿ ಎದುರಿಗೆ. ಅಮ್ಮನೂ ನೋಡಬಹುದು. ಬೆಳಗ್ಗೆ ಬನ್ಯೆರೂ ಮೇಲೆ ಹೋಗಿ ಎಡಕ್ಕೆ ತಿರುಗಿದರೆ ಬ್ರಾಕಿನಾದ ಪಶ್ಚಿಮ ಭಾಗಕ್ಕೇ ಸೇರುತ್ತೀರಿ.

ಬಂಡೆ ಓದುವವಳು

ಹಾಗೆ ಹೋದರೆ ಎನೊರಾಮಾ ಹಳ್ಳ ತಪ್ಪಿಹೋಗುತ್ತದೆ! ಬನ್ಯೆರೂ ದಾರಿಯಲ್ಲಿ ರೇಜರ್‌ಬ್ಯಾಕ್ ನೋಡಿ, ಬ್ರಾಕಿನಾ ರಸ್ತೆ ಸೇರಿದ ಮೇಲೆ ಮೊದಲು ಬಲಕ್ಕೆ ತಿರುಗಿ ಬಿಲ್ಲೆ ನೋಡಿ ಬನ್ನಿ, ಆಮೇಲೆ ಪಶ್ಚಿಮಕ್ಕೆ ಗಾರ್ಜ್ ಕಡೆ ಹೋಗಿ.

ಚಳ್ಳಕೆರೆ ಹುಡುಗ

ಬಲಕ್ಕೆ ಬಿಲ್ಲೆ, ಆಮೇಲೆ ಗಾರ್ಜ್. ಬರೆದುಕೊಂಡೆ. ಕಾರಿನ ಕಂಪನಿಗೆ ಇಮೇಲ್ ಕಳಿಸಿದ್ದೇನೆ, ಉತ್ತರ ಬಂದಮೇಲೆ ಇಲ್ಲೇ ಹಾಕುತ್ತೇನೆ.